ಹನ್ನೊಂದು ಮೊಳೆಯ ಪದ

ಡೊಂಬಿವಲಿ

ಪುಟ್ಟೀ,

ಮನೆ ಸುದ್ದಿ ನಿನ್ನಮ್ಮ ಫೋನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಕಾಗದದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. 'ದೊಡ್ಡಪ್ಪ, ಈ ಪದಗಳು ಕನ್ನಡ ಮೀಡಿಯಮ್ಮಿನವರಿಗಲ್ಲ.' ನಿನ್ನ ಡಾಕ್ಟರಿ ಓದಿನ ವೈವಾದಲ್ಲಿ, ಅದೇ ಬಾಯಿಪರೀಕ್ಷೆಯಲ್ಲಿ, ಅಪೊನ್ಯೂರೋಸಿಸ್ ಅಂದರೇನು ಅಂದದ್ದಕ್ಕೆ 'ನರದ್ದೇನೋ' ಅಂದೆಯಂತೆ. ಎಲ್ಲರೂ ನಕ್ಕರಂತೆ.

ಆ ಪದ ನನಗೆ ಹಳೇ ಗುರುತು. ಮುಂಬೈ ಗಿರ್ಗಾಂವಿನ ಪ್ರೆಸ್ಸಿನಲ್ಲಿ ಒಂದು ಡಾಕ್ಟರಿ ಪುಸ್ತಕಕ್ಕೆ ಅದನ್ನು ಜೋಡಿಸಿದ್ದೆ. ಇಂಗ್ಲಿಷಿನ ಅಕ್ಷರಕ್ಕೊಂದರಂತೆ ಹನ್ನೊಂದು ಸೀಸದ ಅಚ್ಚುಮೊಳೆ, ಓ ಎರಡು, ಎಸ್ ಎರಡು. ಅರ್ಥ ಕೇಳಿದೆ. 'ನಿನಗ್ಯಾಕಪ್ಪಾ ಅದು?' ಅಂತ ಮೇಲಿನವರು ನಕ್ಕರು. ಆಮೇಲೆ ಮೂವತ್ತು ವರ್ಷ ನಾನು ಯಾರನ್ನೂ ಏನೂ ಕೇಳಲಿಲ್ಲ. ಪೆದ್ದತನ.

ರಿಟೈರ್ ಆದ ಮೇಲೆ ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಒಂದು ಹಳೇ ಡಿಕ್ಷನರಿ ಸಿಕ್ಕಿತು. 'ಅಪೊ' ಅಂದರೆ ಗ್ರೀಕಿನಲ್ಲಿ 'ಇಂದ, ಆಚೆಗೆ'. 'ನ್ಯೂರಾನ್' ಅಂದರೆ ಮೊದಲಿಗೆ ಮಾಂಸವನ್ನು ಮೂಳೆಗೆ ಕಟ್ಟುವ ಹುರಿ. ಬಿಲ್ಲಿನ ಹೆದೆಗೂ ಅದೇ ಹೆಸರು. ಗ್ರೀಕ್ ವೈದ್ಯ ಹಿಪ್ಪೊಕ್ರೇಟಸ್ ಕಾಲದವರು ನರ, ಹುರಿ ಬೇರೆ ಮಾಡುತ್ತಿರಲಿಲ್ಲ. ನಮ್ಮಜ್ಜಿ ಕಾಲಲ್ಲಿ ಏನು ಎಳೆದರೂ 'ನರ' ಅನ್ನುತ್ತಿದ್ದಳಲ್ವಾ, ಹಾಗೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ವೈದ್ಯ ಹೆರೊಫಿಲಸ್ ಹೆಣ ಕೊಯ್ದು ನರವನ್ನು ಬೇರೆ ಗುರುತಿಸಿದ. ಹೆಸರು ನರದ ಪಾಲಾಯಿತು, ನಿನ್ನ ಈ ಪದದೊಳಗೆ ಮಾತ್ರ ಹಳೇ ಹುರಿ ಉಳಿದುಕೊಂಡಿತು.

ಸಂಸ್ಕೃತದಲ್ಲಿ ಅದೇ ಹುರಿಗೆ ಹೇಳುವ 'ಸ್ನಾವನ್', 'ಸ್ನಾಯು' ನ್ಯೂರಾನಿನ ದಾಯಾದಿ. ಸುಶ್ರುತ ಸ್ನಾಯುವಿನಲ್ಲಿ ನಾಲ್ಕು ಬಗೆ ಹೇಳುತ್ತಾನೆ, ಅಗಲವಾದದ್ದು ಒಂದು. ದೋಣಿಯ ಹಲಗೆ ಬಿಗಿದಂತೆ ಅವು ಮೈಯನ್ನು ಬಿಗಿಯುತ್ತವಂತೆ. ನಾವೋ ಈಗ ಮಾಂಸಖಂಡಕ್ಕೇ ಸ್ನಾಯು ಅಂತೀವಿ. ಪದ ಜಾರುವುದು ಎಲ್ಲ ಕಡೆ ಇದ್ದದ್ದೇ. ನೀನು ಜಾರಿದ್ದಕ್ಕೆ ಮೀಡಿಯಮ್ಮನ್ನು ಯಾಕೆ ಬೈಯುತ್ತೀ?

ಉತ್ತರ ತಪ್ಪೇ, ಅದನ್ನು ಮುಚ್ಚಿಡುವುದಿಲ್ಲ. ಹಾಳೆಯ ಹಾಗೆ ಚಪ್ಪಟೆಯಾದ ಹುರಿ ಅನ್ನಬೇಕಿತ್ತು. ನನ್ನ ಅಂಗಾಲಿನಲ್ಲೂ ಒಂದಿದೆ, ಹಿಮ್ಮಡಿಯಿಂದ ಬೆರಳಿನವರೆಗೆ. ವರ್ಷಗಟ್ಟಲೆ ಅಕ್ಷರದ ಪೆಟ್ಟಿಗೆ ಮುಂದೆ ನಿಂತದ್ದಲ್ವಾ, ಬೆಳಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಹೊಕ್ಕ ಹಾಗಾಗುತ್ತದೆ. ಡಾಕ್ಟರು ಹಿಮ್ಮಡಿ ಒತ್ತಿ ಅದರ ಹೆಸರು ಹೇಳಿದಾಗ ನನಗೆ ನಗು ಬಂತು. ಹನ್ನೊಂದು ಮೊಳೆ ಹುಡುಕಿಕೊಂಡು ಕಾಲಡಿಗೇ ಬಂದಿತ್ತು.

ಪದ ಒಡೆದು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡರೆ ನೆನಪು ಉಳಿಯಬಹುದೇನೋ. ನಾನು ಓದಿದವನಲ್ಲ, ಸುಮ್ನೆ ಹೇಳಿದೆ. ನಕ್ಕ ಮೇಷ್ಟ್ರನ್ನೇ ನಾಳೆ ಇನ್ನೊಂದು ಕೇಳು. ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಕೂರಬೇಡ.

ಹೊಟ್ಟೆಯ ಮುಂದಿರುವ ಇಂಥದೇ ಹಾಳೆ ಮುತ್ತಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ ಅಂತ ನಾನೇ ಜೋಡಿಸಿದ ಪುಟದಲ್ಲಿತ್ತು. ಹೌದಾ? ಹೆಣ ಕೊಯ್ದು ಬಿಡಿಸಿದ ದಿನ ನೋಡಿ ಬರಿ.

ನಿನ್ನ ದೊಡ್ಡಪ್ಪ