ನಮ್ಮ ಶೆಲ್ಟರ್ ಉಳಿಯಿತು, ಎಲ್ಲರಿಗೂ ಕೈ ಮುಗಿಯುತ್ತೇನೆ

ಸ್ನೇಹಿತರೇ,

ಈ ಸಲದ ನಗರಪಾಲಿಕೆ ಬಜೆಟ್‌ನಲ್ಲಿ ನಮ್ಮ ಶೆಲ್ಟರಿಗೆ ಅಂತಲೇ ಒಂದು ಸಾಲು ಬಂದಿದೆ. ‘ನಗರ ವಸತಿರಹಿತರ ಆಶ್ರಯ ಕೇಂದ್ರದ ನಿರ್ವಹಣೆ’ ಎಂದು. ರಸ್ತೆ, ಚರಂಡಿ, ಬೀದಿದೀಪಗಳ ದೊಡ್ಡ ಮೊತ್ತಗಳ ನಡುವೆ ತುಂಬ ಸಣ್ಣದು. ಆದರೆ ಆ ಸಾಲು ಇಲ್ಲದಿದ್ದರೆ ಈ ಮಳೆಗಾಲಕ್ಕೆ ಬಾಗಿಲಿಗೆ ಬೀಗ ಬೀಳುತ್ತಿತ್ತು. ಹಾಗಾಗಿ ಈ ಬರಹ.

ಹೋರಾಟದ ಕತೆ ನಿಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತು. ಅರ್ಜಿ, ಜ್ಞಾಪನಾ ಪತ್ರ, ಮುಂದೂಡಿದ ಸಭೆ, ಎಲ್ಲದರಲ್ಲೂ ಜೊತೆಗಿದ್ದವರು ನೀವೇ. ಹೊಸಬರಿಗಾಗಿ ಒಂದೇ ಮಾತು. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಯೋಜನೆ, ಅಂದರೆ ನಾವೆಲ್ಲ ‘ನಲ್ಮ್’ (NULM) ಅನ್ನುತ್ತಿದ್ದದ್ದು, 50 ಜನರ ಶೆಲ್ಟರ್ ನಡೆಸಲು ವರ್ಷಕ್ಕೆ 6 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿತ್ತು. ಅದೂ ಐದು ವರ್ಷಕ್ಕೆ. ಆಮೇಲೆ ದುಡ್ಡನ್ನು ಊರೇ ಹೊಂದಿಸಿಕೊಳ್ಳಬೇಕಿತ್ತು. 6 ಲಕ್ಷವನ್ನು 50 ಜನಕ್ಕೆ, 365 ದಿನಕ್ಕೆ ಹಂಚಿ ನೋಡಿ. ತಲೆಗೆ ದಿನಕ್ಕೆ 33 ರೂಪಾಯಿ ಆಗುತ್ತದೆ. ಒಬ್ಬ ಮ್ಯಾನೇಜರ್, ಮೂರು ಪಾಳಿಗೆ ಮೂರು ಜನ ಕೇರ್‌ಟೇಕರ್, ಕರೆಂಟು, ನೀರು, ಹೊದಿಕೆ ತೊಳೆಯುವುದು, ಎಲ್ಲ ಅದರಲ್ಲೇ. ಆ 33 ರೂಪಾಯಿಯೂ ಸರಿಯಾದ ಹೊತ್ತಿಗೆ ಬರದಿದ್ದರೆ ಏನಾಗುತ್ತದೆ ಅನ್ನುವುದನ್ನು ಹೋದ ಜುಲೈಯಲ್ಲಿ ನಾವು ಕಣ್ಣಾರೆ ಕಂಡೆವು.

ಆ ರಾತ್ರಿ ಅಲ್ಲಿದ್ದವರಿಗೆ ಮೊದಲ ಥ್ಯಾಂಕ್ಸ್. ಅಂದರೆ ನಮ್ಮ ಕೇರ್‌ಟೇಕರ್ ಅಕ್ಕನಿಗೆ. ಹೆಸರು ಹಾಕಬೇಡಿ ಅಂತ ಕೈ ಹಿಡಿದು ಕೇಳಿಕೊಂಡಿದ್ದಾರೆ, ಅದಕ್ಕೇ ಹಾಕುತ್ತಿಲ್ಲ. ಸಿಂಧನೂರು ಕಡೆಯವರು. ಶೆಲ್ಟರಿನಲ್ಲಿ ಮಲಗಿದವರೆಲ್ಲ ಅವರನ್ನು ಕರೆಯುವುದು ಅಕ್ಕ ಅಂತಲೇ, ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ.

ಬಿಲ್ ಬಾಕಿ ಅಂತ ಅವತ್ತು ಮಧ್ಯಾಹ್ನ ಫ್ಯೂಸ್ ಕಿತ್ತುಕೊಂಡು ಹೋಗಿದ್ದರು. ಸಂಜೆಗೆ ಮಳೆ ಹಿಡಿಯಿತು. ಕರೆಂಟಿಲ್ಲ ಅಂದರೆ ಮೋಟಾರ್ ಇಲ್ಲ, ಮೋಟಾರ್ ಇಲ್ಲ ಅಂದರೆ ಟ್ಯಾಂಕಿಗೆ ನೀರಿಲ್ಲ. ಅಕ್ಕ ಸಂಪಿನ ಮುಚ್ಚಳ ತೆಗೆದು, ಬಕೆಟ್ಟಿಗೆ ಹಗ್ಗ ಕಟ್ಟಿ ಸೇದಿ ಎರಡು ಡ್ರಮ್ ತುಂಬಿಸಿದರು. ತಮ್ಮ ಫೋನಿನ ಟಾರ್ಚ್ ಹಚ್ಚಿ, ರಾತ್ರಿ ಎದ್ದವರು ಎಡವಬಾರದು ಅಂತ ಶೌಚಾಲಯದ ಬಾಗಿಲ ಚಿಲಕಕ್ಕೆ ದಾರದಿಂದ ಕಟ್ಟಿದರು. ಅವರ ಪಾಳಿ ಮುಗಿದಿತ್ತು. ಮುಂದಿನ ಪಾಳಿಯವರು ಮಳೆಯಲ್ಲಿ ಸಿಕ್ಕಿಕೊಂಡಿದ್ದರು. ಸಂಬಳ ಬಂದು ಎಷ್ಟೋ ತಿಂಗಳಾಗಿತ್ತು. ಎದ್ದು ಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ನಾನೇ ಫೋನ್ ಮಾಡಿ, ನೀವು ಮನೆಗೆ ಹೋಗಿ ಅಕ್ಕಾ, ನಾನು ಹೇಗಾದರೂ ಬರ್ತೀನಿ ಅಂದೆ. ‘ನಾ ಹೋದ್ರ ಇವ್ರಿಗೆ ಯಾರದಾರ್ರೀ?’ ಅಂದರು. ಅಷ್ಟೇ. ಫೋನ್ ಇಟ್ಟರು, ಟಾರ್ಚಿಗೆ ಚಾರ್ಜ್ ಉಳಿಯಲಿ ಅಂತ.

ಮೂಲೆಯ ಹಾಸಿಗೆಯ ಅಜ್ಜಿಗೆ ಅವತ್ತೇ ಉಸಿರು ಕಟ್ಟಿದ್ದು. ಅಂಡರ್‌ಪಾಸಿನಲ್ಲಿ ನೀರು ನಿಂತು 108 ಸುತ್ತಿ ಬರಬೇಕಾಯಿತು. ಅಲ್ಲಿವರೆಗೂ ಅಕ್ಕ ಅಜ್ಜಿಯನ್ನು ಎದೆಗೆ ಒರಗಿಸಿಕೊಂಡು, ರಟ್ಟಿನ ಚೂರಿನಿಂದ ಗಾಳಿ ಬೀಸುತ್ತ ಕೂತಿದ್ದರಂತೆ. ಅಕ್ಕಪಕ್ಕದ ಹೆಂಗಸರು ಹೇಳಿದ್ದು ಇದು. ಅಕ್ಕ ಇವತ್ತಿಗೂ ಆ ರಾತ್ರಿಯ ಮಾತು ಆಡುವುದಿಲ್ಲ. ಆಸ್ಪತ್ರೆಯಲ್ಲಿ ‘ಪೇಷಂಟ್ ಕಡೆಯವರು ಯಾರು?’ ಅಂತ ಕೂಗಿದಾಗ ಎದ್ದು ನಿಂತರು. ಆ ಚೀಟಿಯನ್ನು ನಾನು ಆಮೇಲೆ ನೋಡಿದೆ. ‘ಸಂಬಂಧ’ ಅನ್ನುವ ಕಡೆ ದುಂಡಗಿನ ಅಕ್ಷರದಲ್ಲಿ ‘ಮಗಳು’ ಅಂತ ಬರೆದಿತ್ತು.

ಮುಂದಿನದು ನಿಮಗೆಲ್ಲ ಗೊತ್ತು. ಮತ್ತೆ ಬರೆಯಲು ನನ್ನಿಂದ ಆಗುವುದಿಲ್ಲ.

ಒಂದು ಮಾತು ಹೇಳಲೇಬೇಕು. ನನಗೆ ಇನ್ನೂ ಸಿಟ್ಟಿದೆ. ಅಜ್ಜಿ ವರ್ಷಗಟ್ಟಲೆ ಈ ಊರಿನ ಹೋಟೆಲುಗಳಲ್ಲಿ ಪಾತ್ರೆ ತೊಳೆದ ಹೆಂಗಸು. ಮುದಿತನದಲ್ಲಿ ಒಂದು ದೀಪ ಉರಿಯುವ ಕೋಣೆಯನ್ನು ಕೊಡಲು ಊರಿಗೆ ಆಗಲಿಲ್ಲ. ದುಡ್ಡಿಲ್ಲ ಅಂತಲ್ಲ. ಒಂದು ಕಡತ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಲಿಲ್ಲ ಅಂತ. ಅಜ್ಜಿಯ ಹಾಸಿಗೆ ಕೆಳಗೆ ಒಂದು ಪ್ಲಾಸ್ಟಿಕ್ ಕವರಿತ್ತು. ಅದರೊಳಗೆ ಆಧಾರ್ ಕಾರ್ಡು, ಅದರ ಮೇಲೆ ನಮ್ಮ ಶೆಲ್ಟರಿನ ವಿಳಾಸ. ಆ ವಿಳಾಸ ಸಿಕ್ಕ ಮೇಲೆಯೇ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಲು ಆಗಿದ್ದು. ಅದು ಕೈಗೆ ಬರುವ ಮೊದಲೇ ಅಜ್ಜಿ ಹೋದರು.

ಅಕ್ಕ ಮರುದಿನ ಸಂಜೆ ಮತ್ತೆ ಕೆಲಸಕ್ಕೆ ಬಂದರು. ಮೊದಲು ಮಾಡಿದ್ದು ರಿಜಿಸ್ಟರ್ ತೆಗೆದು ಅವತ್ತು ಬಂದವರ ಹೆಸರು ಬರೆದಿದ್ದು. ಕೊನೆಗೆ ಪಾಲಿಕೆಯಲ್ಲಿ ನಮ್ಮ ಕೈ ಹಿಡಿದದ್ದೂ ಆ ರಿಜಿಸ್ಟರೇ. ಬಜೆಟ್ ಪೂರ್ವಭಾವಿ ಸಭೆಯಲ್ಲಿ ಒಬ್ಬರು, ಶೆಲ್ಟರ್ ಖಾಲಿ ಬಿದ್ದಿದೆಯಂತೆ, ಭಿಕ್ಷುಕರ ಗೂಡಂತೆ ಅಂದರು. ಆಗ ಕಾರ್ಪೊರೇಟರ್ ಮೇಡಂ ಏನೂ ವಾದ ಮಾಡದೆ ರಿಜಿಸ್ಟರುಗಳನ್ನು ಮೇಜಿನ ಮೇಲೆ ಇಟ್ಟು, ನಡುವಿನ ಒಂದು ಪುಟ ತೆರೆದು ಓದಿದರು. ಯಾದಗಿರಿ, ಗಾರೆ ಕೆಲಸ. ದೇವದುರ್ಗ, ಮಂಡಿಯಲ್ಲಿ ಹಮಾಲಿ. ಮದುವೆ ಅಡುಗೆಗೆ ಬಡಿಸುವವರು. ಹೆಂಡತಿಯ ಆಪರೇಷನ್‌ಗೆ ಬಂದು ಆಸ್ಪತ್ರೆಯ ಹೊರಗೆ ಮಲಗಲು ಜಾಗವಿಲ್ಲದವರು. ಅಕ್ಕ ‘ಕೆಲಸ’ ಅನ್ನುವ ಕಾಲಂ ಅನ್ನು ಯಾವತ್ತೂ ಖಾಲಿ ಬಿಟ್ಟಿರಲಿಲ್ಲ. ಈ ಜನ ಒಂದು ದಿನ ಬರದಿದ್ದರೆ ನಿಮ್ಮ ಮಂಡಿಯ ಲಾರಿ ಖಾಲಿಯಾಗುವುದಿಲ್ಲ ಅಂದರು ಮೇಡಂ. ಸಭೆ ಸುಮ್ಮನಾಯಿತು.

ಆ ಕಾಲಂ ಬಗ್ಗೆ ನಾನು ತುಂಬ ಯೋಚನೆ ಮಾಡಿದ್ದೇನೆ. 2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ದೇಶದ ಊರು ಪಟ್ಟಣಗಳಲ್ಲೇ 9.38 ಲಕ್ಷ ಜನ ಸಿಕ್ಕಿದರು. ಎಣಿಸುವವರ ಕಣ್ಣಿಗೆ ಬೀಳದೆ ಮೇಲ್ಸೇತುವೆ ಕೆಳಗೆ, ಅಂಗಡಿ ಜಗುಲಿ ಮೇಲೆ ಮಲಗಿದ್ದವರು ಇನ್ನೆಷ್ಟೋ. ಒಂದು ರಾತ್ರಿ ಎಣಿಸಿದರೆ ಅವರು ಒಂದು ಸಂಖ್ಯೆ. ದಿನಾ ರಾತ್ರಿ ಹೆಸರು, ಊರು, ಕೆಲಸ ಕೇಳಿ ಬರೆದರೆ ಅವರು ಈ ಊರಿನವರು. ಅಕ್ಕ ಓದಿದ್ದು ಏಳನೇ ಕ್ಲಾಸು. ನಮ್ಮ ಯಾವ ಮನವಿ ಪತ್ರವೂ ಅವರ ರಿಜಿಸ್ಟರಿನಷ್ಟು ಗಟ್ಟಿಯಾಗಿರಲಿಲ್ಲ.

ಉಳಿದವರಿಗೂ ನನ್ನ ನಮಸ್ಕಾರ. ಪಾಲಿಕೆಯಿಂದ ನಿವೃತ್ತರಾದ ನಮ್ಮ ಗುಮಾಸ್ತ ಸರ್, ‘ಲೆಕ್ಕ ಶೀರ್ಷಿಕೆ, ಅಂದರೆ ಆ ಖರ್ಚಿಗೆ ಅಂತಲೇ ಬಜೆಟ್‌ನಲ್ಲಿ ಒಂದು ಸಾಲು, ಇಲ್ಲದೆ ದುಡ್ಡು ಬರಲ್ಲಮ್ಮ, ಮೊದಲು ಅದನ್ನು ಕೇಳಿ’ ಅಂತ ದಾರಿ ತೋರಿಸಿದರು. ಪಾಲಿಕೆ ಪರಿಶಿಷ್ಟರಿಗೆ ಎತ್ತಿಡುವ ಶೇಕಡಾ 24.10ರ ಅನುದಾನ, ಇತರ ಬಡವರಿಗೆ ಎತ್ತಿಡುವ ಶೇಕಡಾ 7.25ರ ಅನುದಾನ ಯಾವುದಕ್ಕೆ ಅಂತ ಬಿಡಿಸಿ ಹೇಳಿದವರೂ ಅವರೇ. ವಕೀಲರು ಒಂದು ರೂಪಾಯಿ ತೆಗೆದುಕೊಳ್ಳದೆ ಕೋರ್ಟಿನ ಆದೇಶಗಳನ್ನು ಜೋಡಿಸಿ ಕೊಟ್ಟರು. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ವೃತ್ತದಲ್ಲಿದ್ದ ತಾತ್ಕಾಲಿಕ ಆಶ್ರಯವನ್ನು ತೆರವು ಮಾಡಿದರು. ಆ ವಿಷಯ ಆಹಾರದ ಹಕ್ಕಿನ ಮೊಕದ್ದಮೆಯೊಳಗೆ ಸುಪ್ರೀಂ ಕೋರ್ಟಿಗೆ ಹೋಯಿತು. ಲಕ್ಷ ಜನಕ್ಕೆ ಕನಿಷ್ಠ ಒಂದು ಆಶ್ರಯ, ವರ್ಷವಿಡೀ, 24 ಗಂಟೆ ತೆರೆದಿರಬೇಕು ಅನ್ನುವ ಮಾತು 2010ರಲ್ಲಿ ಬಂದದ್ದು ಅಲ್ಲಿಂದಲೇ. ನಾವು ಕೇಳಿದ್ದು ದಾನವಲ್ಲ ಅಂತ ನಮಗೇ ಧೈರ್ಯ ಬಂದದ್ದು ಆ ಕಾಗದಗಳನ್ನು ಓದಿದ ಮೇಲೆ. ಬಾಕಿ ಬಿಲ್ಲಿಗೆ ಕೈಯಿಂದ ಹಾಕಿದ ಆಟೋ ಸ್ಟ್ಯಾಂಡಿನ ಅಣ್ಣಂದಿರು, ರಾತ್ರಿ ಅನ್ನ ಸಾರು ಕಳಿಸಿದ ಹೋಟೆಲಿನವರು, ಹಸ್ತಾಕ್ಷರ ಸಂಗ್ರಹಿಸಿದ ಕಾಲೇಜು ಮಕ್ಕಳು, ಮೊದಲು ಬೇಡ ಅಂದು ಆಮೇಲೆ ಹಳೇ ಕಂಬಳಿ ತಂದುಕೊಟ್ಟ ಬೀದಿಯವರು, ಎಲ್ಲರೂ ಸೇರಿ ಆದದ್ದು ಇದು.

ಕೆಲಸ ಮುಗಿದಿಲ್ಲ. ನಮ್ಮಲ್ಲಿ ಮಲಗುವ ಎಷ್ಟೋ ಮಂದಿಗೆ ತಿಂಗಳ ಬಾಡಿಗೆ ಕಟ್ಟುವ ಶಕ್ತಿ ಇದೆ. ಇಲ್ಲದಿರುವುದು ಅಡ್ವಾನ್ಸ್ ದುಡ್ಡು. ಸರ್ಕಾರದ ಮನೆ ಯೋಜನೆಗಳಲ್ಲೂ ಫಲಾನುಭವಿಯ ಪಾಲು ಅಂತ ಕಟ್ಟಬೇಕಾಗುತ್ತದೆ, ಅದು ದಿನಗೂಲಿಯವರ ಕೈಗೆ ಎಟುಕುವುದಿಲ್ಲ. ಅಡ್ವಾನ್ಸ್ ಇಲ್ಲದೆ, ಕಡಿಮೆ ಬಾಡಿಗೆಗೆ ಪಾಲಿಕೆಯೇ ಕೊಡುವ ಸಣ್ಣ ಮನೆಗಳು ಬೇಕು. ಮುಂದಿನ ವರ್ಷದ ಪೂರ್ವಭಾವಿ ಸಭೆಗೆ ಅದನ್ನೇ ಹಿಡಿದು ಹೋಗೋಣ. ಬರ್ತೀರಿ ಅಲ್ವಾ?

ಬಜೆಟ್‌ನಲ್ಲಿ ಬಂದದ್ದು ಕೈಗೆ ಬರಬೇಕಾದರೆ ಇನ್ನೂ ಆದೇಶ ಆಗಬೇಕು, ಬಿಲ್ ಪಾಸ್ ಆಗಬೇಕು. ಮೊದಲ ಕಂತಿನಲ್ಲಿ ಕೇರ್‌ಟೇಕರುಗಳ ಬಾಕಿ ಸಂಬಳ ಕೊಡಬೇಕು ಅಂತ ಸಮಿತಿಯಲ್ಲಿ ತೀರ್ಮಾನ ಆಗಿದೆ. ಅಕ್ಕ ಮಾತ್ರ, ನನ್ನ ಸಂಬಳ ಆಮೇಲಾದರೂ ನಡೀತದ, ಮೊದಲು ಸಂಪಿಗೆ ಒಂದು ಕೈಪಂಪ್ ಹಾಕಿಸ್ರಿ ಅನ್ನುತ್ತಿದ್ದಾರೆ. ಎರಡೂ ಆಗುತ್ತದೆ ಅಕ್ಕಾ. ಪಂಪಿನ ದುಡ್ಡಿಗೆ ನಾವು ಆಗಲೇ ಚಂದಾ ಎತ್ತಲು ಶುರು ಮಾಡಿದ್ದೇವೆ.