ಮುಟ್ಟು ನಿಂತ ಕಾಲದಲ್ಲಿ ಜೊತೆಗಿದ್ದವರಿಗೆ

ನನ್ನ ಕೊನೆಯ ಮುಟ್ಟು ಕಳೆದು ಈ ತಿಂಗಳಿಗೆ ವರ್ಷ ತುಂಬಿತು. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಡಾಕ್ಟರುಗಳು ಮುಟ್ಟು ನಿಂತಿತು ಎನ್ನುತ್ತಾರೆ. ಅದರ ಹಿಂದಿನ ವರ್ಷಗಳು ನನಗೆ ತುಂಬಾ ಕಷ್ಟದವು. ಆಗ ಜೊತೆಗಿದ್ದವರಿಗೆ ಎಲ್ಲರಿಗೂ ಕಾಣುವ ಹಾಗೆ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು. ಈ ವಿಷಯ ಗುಟ್ಟಾಗಿ ಉಳಿಯುವುದು ನನಗೆ ಇಷ್ಟವಿಲ್ಲ.

ಮೊದಲು ಉಡುಪಿಯ ನನ್ನ ಅಕ್ಕನಿಗೆ. "ನಿನಗೆ ಎಂತ ಆಗ್ತಾ ಉಂಟು ಮಾರಾಯ್ತಿ, ಸರಿಯಾಗಿ ಹೇಳು" ಎಂದು ಫೋನಿನಲ್ಲಿ ಬಿಡದೆ ಕೇಳಿದವಳು ಅವಳು. ಆಗ ನನಗೆ ಸಣ್ಣ ಮಾತಿಗೂ ಕಣ್ಣೀರು, ಇಲ್ಲದಿದ್ದರೆ ಸಿಟ್ಟು. ಪಾಠ ಮಾಡುವಾಗ ದಿನಾ ಬಳಸುವ ಪದವೇ ನೆನಪಿಗೆ ಬರುತ್ತಿರಲಿಲ್ಲ. ರಾತ್ರಿ ಬೆವರಿ ಎದ್ದರೆ ಮತ್ತೆ ನಿದ್ದೆ ಇಲ್ಲ. ಮಂಗಳೂರಿನ ಸೆಕೆಗೆ ಹಾಗೆ ಅಲ್ವಾ ಎನ್ನಬಹುದು. ಆದರೆ ಆಟಿ ತಿಂಗಳ ಮಳೆ ಸುರಿಯುವಾಗಲೂ ನನಗೆ ಫ್ಯಾನ್ ಜೋರಾಗಿಯೇ ಬೇಕಿತ್ತು.

ನಮ್ಮ ಡಾಕ್ಟರಮ್ಮ "ವಯಸ್ಸಾಯ್ತಲ್ಲ, ಸಹಿಸಿಕೊಳ್ಳಿ" ಎನ್ನಲಿಲ್ಲ. ಮೊದಲು ನಿದ್ದೆಯ ಬಗ್ಗೆ ಕೇಳಿದರು. ಥೈರಾಯ್ಡ್ ಕೆಟ್ಟರೂ, ರಕ್ತ ಕಡಿಮೆಯಾದರೂ ಹೀಗೇ ಆಗಬಹುದೆಂದು ಎರಡನ್ನೂ ಪರೀಕ್ಷೆ ಮಾಡಿಸಿದರು. ಮುಟ್ಟು ನಿಲ್ಲುವ ಮೊದಲು ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಒಂದೇ ಸಮನೆ ಇಳಿಯುವುದಿಲ್ಲ, ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಮನಸ್ಸಿನ ಮೇಲೆ ಪ್ರಭಾವ ಬೀರುವ ಮೆದುಳಿನ ರಾಸಾಯನಿಕ ಸೆರೊಟೋನಿನ್‌ಗೂ ಅದರ ಏಟು ತಾಗುತ್ತದೆ. ಜೊತೆಗೆ ನಿದ್ದೆಯೂ ಕೆಟ್ಟರೆ ಮನಸ್ಸು ಎಷ್ಟೆಂದು ತಡೆದೀತು? ಬಾಣಂತನದಲ್ಲಿ ಮನಸ್ಸು ಕುಗ್ಗಿತ್ತಾ ಎಂದೂ ಕೇಳಿದರು. ಕುಗ್ಗಿತ್ತು. ಅಂಥವರಿಗೆ ಈ ಸಮಯದಲ್ಲೂ ತೊಂದರೆ ಆಗುವ ಸಾಧ್ಯತೆ ಜಾಸ್ತಿಯಂತೆ. ಅಷ್ಟು ವರ್ಷದ ಹಿಂದಿನದನ್ನು ಕೇಳಿದ ಮೊದಲ ವ್ಯಕ್ತಿ ಅವರು.

ಹಾರ್ಮೋನ್ ಚಿಕಿತ್ಸೆಯ ಲಾಭ, ಅಪಾಯ ಎರಡನ್ನೂ ಬಿಡಿಸಿ ಹೇಳಿ, ನಿರ್ಧಾರ ನನಗೇ ಬಿಟ್ಟರು. ಸ್ತನ ಕ್ಯಾನ್ಸರ್ ಆದವರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ನಾನು ಮೊದಲು ಕೌನ್ಸೆಲಿಂಗ್ ಆರಿಸಿಕೊಂಡೆ. ಮುಟ್ಟು, ನಿದ್ದೆ, ಬೆವರು, ಮನಸ್ಸು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಲು ಕಲಿಸಿದ ಕೌನ್ಸೆಲರ್‌ಗೆ ನಾನು ಋಣಿ. ನಿದ್ದೆ ಕೆಟ್ಟ ಮರುದಿನವೇ ಸಿಟ್ಟು ಹೆಚ್ಚು ಎಂದು ಆ ಪುಟಗಳಲ್ಲೇ ಕಂಡಿತು.

ನಮ್ಮ ಮನೆಯವರು ನನ್ನ ಜೊತೆ ತಾವೂ ಸಂಜೆಯ ಕಾಫಿ ಬಿಟ್ಟರು. ಬೆಳಿಗ್ಗೆ ಕದ್ರಿ ಪಾರ್ಕಿಗೆ ವಾಕಿಂಗ್ ಕರೆದುಕೊಂಡು ಹೋದರು. ಮಗಳು ಪುಸ್ತಕ ನೋಡಿ, ಅಮ್ಮನಿಗೆ ಇವತ್ತು ನಿದ್ದೆ ಆಗಿಲ್ಲ ಎಂದು ತಾನೇ ಅಡುಗೆಮನೆಗೆ ಹೋಗುತ್ತಿದ್ದಳು.

ಅತ್ತೆಯ ಬಗ್ಗೆ ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. "ನನಗೂ ಹೀಗೇ ಆಗಿತ್ತು ಮಗಾ. ಕೇಳುವವರು ಯಾರೂ ಇರಲಿಲ್ಲ" ಎಂದರು. ಆಮೇಲೆ ಮನೆಗೆ ಬಂದ ನೆಂಟರು ನನ್ನ ಸ್ವಭಾವದ ಬಗ್ಗೆ ಏನಾದರೂ ಅಂದರೆ ಉತ್ತರ ಕೊಡುತ್ತಿದ್ದವರು ಅವರೇ. ಅತ್ತೆ, ನಿಮ್ಮ ಋಣ ದೊಡ್ಡದು.

ಹೆಚ್ಚಿನವರಿಗೆ 45ರಿಂದ 55ರೊಳಗೆ ಮುಟ್ಟು ನಿಲ್ಲುತ್ತದೆ. ಆ ವಯಸ್ಸಿನ ಗೆಳತಿಯರೇ, ಸುಮ್ನೆ ನುಂಗಿಕೊಂಡು ಕೂರಬೇಡಿ. ಖರ್ಚಿನ ಚಿಂತೆಯಿದ್ದರೆ ನಮ್ಮೂರಲ್ಲಿ ಸರಕಾರಿ ಲೇಡಿಗೋಷನ್ ಆಸ್ಪತ್ರೆ ಉಂಟು. ಮನಸ್ಸು ತೀರಾ ಕುಗ್ಗಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಟ್ಟು ನಿಂತು ವರ್ಷವಾದ ಮೇಲೆ ಸ್ವಲ್ಪ ರಕ್ತ ಕಂಡರೂ ತಡಮಾಡದೆ ಡಾಕ್ಟರಿಗೆ ತೋರಿಸಿ. ಒಬ್ಬರೇ ಹೋಗಲು ಹೆದರಿಕೆಯಾದರೆ ನನ್ನನ್ನು ಕರೆಯಿರಿ, ನಾನು ಬರುತ್ತೇನೆ.