ಬೇಲಿಸಾಲಿಗೆ ಗಿಡ: ನೆರಳಿನ ಬಗೆಯನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಹಿತ್ತಿಲ ಬೇಲಿಯುದ್ದಕ್ಕೂ ಗಿಡ ನೆಡುವ ವಿಚಾರ ಕೈತೋಟದ ಅಂಕಣಗಳಲ್ಲಿ ಬಂದಾಗಲೆಲ್ಲ ‘ನೆರಳಿನಲ್ಲಿ ಬೆಳೆಯುವ ಗಿಡಗಳು’ ಎಂಬ ಒಂದೇ ಪಟ್ಟಿಯಲ್ಲಿ ಜರಿಗಿಡ, ಕನಕಾಂಬರ, ಕೆಸು, ಸ್ನೇಕ್ ಪ್ಲಾಂಟ್ ಎಲ್ಲವೂ ಸೇರಿಕೊಂಡಿರುತ್ತವೆ. ಅದನ್ನು ನಂಬಿ ನೆಟ್ಟವರ ಸಾಲಿನಲ್ಲಿ ಒಂದು ಗಿಡ ನಳನಳಿಸಿದರೆ ಅದರ ಪಕ್ಕದ್ದು ಸೊರಗಿ ನಿಂತಿರುತ್ತದೆ. ನೆರಳು ಯಾವ ಬಗೆಯದೆಂದು ಪಟ್ಟಿಯಲ್ಲಿ ಹೇಳದಿರುವುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಪೂರ್ವಕ್ಕೆ ತೆರೆದಿರುವ ಬೇಲಿಯ ಬುಡಕ್ಕೆ ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನದ ಹೊತ್ತಿಗೆ ನೆರಳಾಗುವುದಾದರೆ ಅಲ್ಲಿ ಕನಕಾಂಬರ, ಕಾಮಿನಿಯಂಥ ಗಿಡಗಳು ಹೂವನ್ನೂ ಬಿಡುತ್ತವೆ. ದಿನವಿಡೀ ನೇರ ಬಿಸಿಲೇ ತಾಗದ ಜಾಗದಲ್ಲಿ ಹೂವಿನ ಆಸೆ ಬಿಟ್ಟು ಎಲೆಯ ಚೆಲುವಿಗಾಗಿಯೇ ಗಿಡ ಆರಿಸುವುದು ಒಳ್ಳೆಯದು. ದಾಸವಾಳ, ಬೋಗನ್‌ವಿಲ್ಲಾಗಳಿಗೆ ದಿನಕ್ಕೆ ಸುಮಾರು 6 ತಾಸು ಬಿಸಿಲು ಸಿಗದಿದ್ದರೆ ಅವು ಬೆಳಕನ್ನು ಅರಸಿ ಉದ್ದುದ್ದ ಚಾಚಿಕೊಂಡು, ಬುಡದಲ್ಲಿ ಬೋಳಾಗಿ, ಬೇಲಿಗೆ ಮರೆಯನ್ನೇ ಕೊಡುವುದಿಲ್ಲ. ಬಿಳಿ, ಹಳದಿ ಪಟ್ಟೆಯ ಎಲೆಗಳೂ ದಟ್ಟ ನೆರಳಿಗೆ ತಕ್ಕವಲ್ಲ. ಆ ಪಟ್ಟೆಗಳಲ್ಲಿ ಹಸಿರು ವರ್ಣದ್ರವ್ಯ ತೀರ ಕಡಿಮೆ ಇರುವುದರಿಂದ ಗಿಡಕ್ಕೆ ಆಹಾರ ತಯಾರಿಸುವ ಶಕ್ತಿ ಸಾಲದು. ಸೂರ್ಯ ಉತ್ತರಾಯಣ, ದಕ್ಷಿಣಾಯನಗಳಲ್ಲಿ ದಾರಿ ಬದಲಿಸುವುದರಿಂದ ನೆರಳನ್ನು ಒಂದು ದಿನ ನೋಡಿ ನಿರ್ಧರಿಸುವುದೂ ಸರಿಯಲ್ಲ.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಒಣನೆರಳು. ಗೋಡೆಯೋ ಸೂರಿನ ಅಂಚೋ ಮಳೆಯನ್ನು ತಡೆಯುವ ಕಡೆ, ದೊಡ್ಡ ಮರದ ಬೇರುಗಳು ಮೇಲ್ಮಣ್ಣಿನ ತೇವವನ್ನೆಲ್ಲ ಹೀರುವ ಕಡೆ, ನೆರಳಿದ್ದರೂ ನೆಲದಲ್ಲಿ ತೇವವಿರುವುದಿಲ್ಲ. ಮಳೆ ಬಂದ ಮರುದಿನ ಬೇಲಿಯ ಬುಡದಲ್ಲಿ ಒಂದು ಗೇಣು ಆಳ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಬೇಕು: ಮೇಲೆ ಒದ್ದೆಯಾಗಿ ಕಂಡರೂ ಒಳಗಿನ ಮಣ್ಣು ಹುಡಿಹುಡಿಯಾಗಿ ಉದುರಿದರೆ ಅಲ್ಲಿ ಜರಿಗಿಡದ ಎಲೆಯಂಚು ಸುಟ್ಟಂತಾಗುವುದು ಖಚಿತ, ಕೆಸುವೂ ನಿಲ್ಲದು. ದಪ್ಪ ಎಲೆಯ ಸ್ನೇಕ್ ಪ್ಲಾಂಟ್, ನಿಧಾನವಾಗಿ ಬೆಳೆದರೂ ಗಟ್ಟಿಯಾದ, ಅಗಲ ಎಲೆಯ ಆಸ್ಪಿಡಿಸ್ಟ್ರಾ ಗಿಡ ಅಂಥಲ್ಲಿ ತಾಳಿಕೊಳ್ಳುತ್ತವೆ. ಮರದಡಿಯಲ್ಲಿ ದೊಡ್ಡ ಗುಂಡಿ ತೋಡಿದರೆ ಬೇರು ಕಡಿದುಹೋಗುತ್ತದೆ, ಬೇರಿನ ಮೇಲೆ ಮಣ್ಣು ಪೇರಿಸಿದರೆ ಅದಕ್ಕೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಚಿಕ್ಕ ಸಸಿಗಳನ್ನೇ ನೆಟ್ಟು, ತರಗೆಲೆ ಹೊದಿಸಿ, ಅವು ಬೇರೂರುವ ತನಕ ತಪ್ಪದೆ ನೀರುಣಿಸಬೇಕು.

ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ಬೇಲಿಯಾದರೆ, ಮಚ್ಚೆಯೆಲೆಯ ಅಲಂಕಾರ ಗಿಡವಾದ ಡೈಫೆನ್‌ಬೇಕಿಯಾ ಬೇಡ. ಅದನ್ನು ಅಗಿದರೆ ಅದರಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಬಾಯಿ, ನಾಲಗೆಯನ್ನು ಉರಿಸಿ ಊದಿಸುತ್ತವೆ.

ಅಂಕಣಗಳಲ್ಲಿ ಪ್ರತಿ ಗಿಡದ ಹೆಸರಿನ ಮುಂದೆ ಅದಕ್ಕೆ ಎಷ್ಟು ತಾಸು ಬಿಸಿಲು ಬೇಕು, ತೇವದ ನೆಲವೋ ಒಣನೆಲವೋ, ಬೆಳೆದು ನಿಂತಾಗ ಎಷ್ಟು ಅಗಲವಾಗುತ್ತದೆ ಎಂಬುದನ್ನು ನಮೂದಿಸಬೇಕೆಂದು ವಿನಂತಿಸುತ್ತೇನೆ. ಹರಡುವ ಸ್ವಭಾವವನ್ನೂ ಮರೆಮಾಚಬಾರದು. ನೆರಳಿಗೆ ಸುಲಭವಾದ ನೆಲಹೊದಿಕೆಯೆಂದು ಹೊಗಳಿಸಿಕೊಳ್ಳುವ ವೆಡೇಲಿಯಾ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿರುವಂಥದ್ದು; ಗಿಣ್ಣು ನೆಲ ಮುಟ್ಟಿದಲ್ಲೆಲ್ಲ ಬೇರು ಬಿಡುವ ಆ ಬಳ್ಳಿಯನ್ನು ಬೇಲಿಯ ಬುಡದಲ್ಲಿ ನೆಟ್ಟರೆ ಅದು ಪಕ್ಕದವರ ಹಿತ್ತಿಲಿಗೂ ನುಗ್ಗದೆ ಇರದು.

ಇಂತಿ,
ಕೈತೋಟದ ಆಸಕ್ತ ಓದುಗ